ತಲೆ ಎತ್ತಿದರೆ ಒಂದು ಮಾರ್ಕು ಕಟ್!

ಬುದ್ಧಿವಂತ ಮಕ್ಕಳನ್ನು ಆರಿಸುವುದರಲ್ಲಿ ನಮ್ಮ ಚಿಕ್ಕಪ್ಪನನ್ನು ಮೀರಿಸುವವರು ಇಡೀ ತಿಪಟೂರು ತಾಲ್ಲೂಕಿನಲ್ಲಿ ಒಬ್ಬರೂ ಇರಲಿಲ್ಲ. ಅವರು ಎಷ್ಟು ಶ್ರದ್ಧೆಯಿಂದ ಆರಿಸುತ್ತಿದ್ದರೆಂದರೆ, ಒಂದು ಶನಿವಾರ ಬೆಳಿಗ್ಗೆ ತಾವು ಆರಿಸಿದ ಏಳು ಬುದ್ಧಿವಂತರಿಗೂ, ಅವರನ್ನು ಕಾಯಲು ಕೂತಿದ್ದ ಒಬ್ಬ ಪದವೀಧರೆಗೂ ಸ್ವರ್ಗದಲ್ಲಿ ಒಟ್ಟಿಗೇ ಸೀಟು ಕೊಡಿಸಿಬಿಡುವುದರಲ್ಲಿದ್ದರು! ಆ ಪದವೀಧರೆ ನಾನೇ. ಆದ್ದರಿಂದ ಈ ಬರಹದಲ್ಲಿ ಅಲ್ಲಲ್ಲಿ ಕೈ ನಡುಗಿದಂತೆ ಕಂಡರೆ ಓದುಗರು ಕ್ಷಮಿಸಬೇಕು. ಆಮೇಲೆ ನನಗೆ ಮದುವೆಯಾಗಿದೆ, ಮಕ್ಕಳಾಗಿವೆ; ಆದರೂ ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಸೂರನ್ನು. "ಏನ್ ಜಂಬ ನೋಡ್ರೀ, ಯಾವಾಗ್ಲೂ ಮೇಲಕ್ಕೇ ನೋಡ್ತಾಳೆ" ಎಂದು ಬೀಗರ ಕಡೆ ನನಗೆ ಹೆಸರು ಬಂದಿರುವುದು ಹೀಗೆ.

ಚಿಕ್ಕಪ್ಪ ಹಾಲ್ಕುರಿಕೆ ಕಡೆಯ ನಮ್ಮೂರಿನ ಪ್ರಾಥಮಿಕ ಶಾಲೆಯ ಹೆಡ್ಮಾಸ್ಟರು. ಒಂದರಿಂದ ನಾಲ್ಕನೇ ತರಗತಿಯವರೆಗೆ ಒಂದೇ ಕೊಠಡಿ, ಅದಕ್ಕೆ ಹೆಡ್ಡೂ ಅವರೇ, ಮಾಸ್ಟರೂ ಅವರೇ, ಗಂಟೆ ಹೊಡೆಯುವವರೂ ಅವರೇ. ಶಾಲೆ ಬಿಟ್ಟ ಮೇಲೆ ತೆಂಗಿನ ತೋಟ. ಈ ಎರಡು ಉದ್ಯೋಗಗಳನ್ನು ಅವರು ಬೇರೆ ಬೇರೆ ಎಂದು ತಿಳಿದಿರಲಿಲ್ಲ ಎಂಬುದರಲ್ಲೇ ಅಪಾಯವಿತ್ತು.

ನಮ್ಮ ಕಡೆ ಕೊಬ್ಬರಿ ಮಾಡುವ ಕ್ರಮ ಬಹಳ ಸುಲಭ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಸುಮ್ಮನಿದ್ದುಬಿಡುವುದು. ಹನ್ನೊಂದು ಹನ್ನೆರಡು ತಿಂಗಳಿಗೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಆಗ ಇಳಿಸಿ ಸುಲಿಯುವುದು. ಊರೆಲ್ಲ ಹೀಗೆ ಮಾಡಿದರೆ ಚಿಕ್ಕಪ್ಪ ಮಾತ್ರ ಏಣಿ ಹಾಕಿ ಅಟ್ಟ ಹತ್ತಿ, ಮೂಲೆಯ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, "ಇದ್ರಲ್ಲಿ ಇನ್ನೂ ನೀರೈತೆ" ಎಂದು ಇಳಿದುಬಿಡುವರು.

"ಸಾವಿರಾರು ಕಾಯಿ ಆಗೈತೆ, ಒಂದು ಆಗಿಲ್ಲ ಅಂತ ಎಲ್ಲಾ ಕಾಯ್ಬೇಕಾ?" ಎಂದು ಚಿಕ್ಕಮ್ಮ ಕೇಳಿದರೆ, "ಹಿಂದೆ ಬಿದ್ದೋನ್ನ ಬುಟ್ಟು ಹೋಗಾಕಾಯ್ತದೇನೇ?" ಎನ್ನುವರು.

"ಅದು ಕಾಯಿ ಕಣ್ರೀ, ನಾಲ್ಕನೇ ಕ್ಲಾಸಲ್ಲ!"

ಹೀಗಾಗಿ ಆ ವರ್ಷ ಹಳೆಯ ಕಾಯಿ ಇಳಿಯುವ ಮೊದಲೇ ಹೊಸ ಕಾಯಿ ಅಟ್ಟ ಹತ್ತಿತು. ಅದೇ ವರ್ಷ ಸರ್ಕಾರದ ಆರ್ಡರೂ ಬಂತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆಂದು ತುಮಕೂರಿನ ಆಚೆ ಎಲ್ಲೋ ಹೊಸದಾಗಿ ಒಂದು ವಸತಿ ಶಾಲೆ ತೆರೆದಿದ್ದರು. ಐದನೇ ತರಗತಿಯಿಂದ ಊಟ, ವಸತಿ, ಓದು ಎಲ್ಲ ಅಲ್ಲೇ. ಪ್ರತಿ ಶಾಲೆಯ ಹೆಡ್ಮಾಸ್ಟರು ತಮ್ಮ ನಾಲ್ಕನೇ ತರಗತಿಯ 'ಅತ್ಯಂತ ಬುದ್ಧಿವಂತ' ಮಗು ಒಂದನ್ನು, ಒಂದನ್ನು ಮಾತ್ರ, ಆರಿಸಿ ಹೆಸರು ಕಳಿಸತಕ್ಕದ್ದು. ಒಂದು ನೀರಿನ ಕಾಯಿಗಾಗಿ ಅಟ್ಟವನ್ನೇ ಕಾಯಿಸುವ ಮನುಷ್ಯನಿಗೆ ಎಂಥ ಆರ್ಡರು ನೋಡಿ!

"ಒಂದೇ ಅಂತೆ ಕಣಮ್ಮ!" ಎಂದು ಚಿಕ್ಕಪ್ಪ ನನ್ನ ಮುಂದೆ ಕಾಗದ ಹಿಡಿದರು. ನಾನು ಬಿ.ಎಸ್ಸಿ. ಪಾಸು ಮಾಡಿ, ವರ ಬರುವವರೆಗೆ ಅವರ ಮನೆಯಲ್ಲಿ ಇರಲು ಬಂದಿದ್ದೆ. "ಮಿಕ್ಕೋರ್ಗೆ ಏನಂತ ಹೇಳಾದು? ನೀನು ದಡ್ಡ ಕಣಪ್ಪ, ಸರ್ಕಾರದೋರು ಆರ್ಡರ್ ಹಾಕವ್ರೆ ಅಂತಲಾ?"

ಆರ್ಡರಿನ ಜೊತೆ ಬುದ್ಧಿಶಕ್ತಿ ಅಳೆಯುವ ಅಚ್ಚಾದ ಪ್ರಶ್ನೆಗಳೂ ಬಂದಿದ್ದವು. ನಾಲ್ಕನೇ ತರಗತಿಯ ಇಪ್ಪತ್ತಮೂರು ಮಕ್ಕಳಿಗೂ ಕೊಟ್ಟರು. ಮೊದಲನೇ ಪ್ರಶ್ನೆ: 'ಒಂದು ತೆಂಗಿನ ಮರದಲ್ಲಿ ನಲವತ್ತು ಕಾಯಿಗಳಿವೆ. ದಿನಕ್ಕೆ ಎರಡರಂತೆ ಕಿತ್ತರೆ ಎಲ್ಲವನ್ನೂ ಕೀಳಲು ಎಷ್ಟು ದಿನ ಬೇಕು?' ಇಪ್ಪತ್ತಮೂರು ಮಕ್ಕಳೂ ಬರೆದ ಉತ್ತರ: ಒಂದು ದಿನ.

ಕಾಪಿ ಹೊಡೆದಿದ್ದಾರೆಂದು ನಾನು ಒಬ್ಬಳನ್ನು ಎಬ್ಬಿಸಿ ಕೇಳಿದೆ. "ಮರ ಹತ್ತೋನು ಎರಡು ಕಾಯಿಗೆ ದಿನಾ ಬತ್ತಾನಾ ಅಕ್ಕಾ?" ಎಂದಿತು ಹುಡುಗಿ. "ಬಂದ್ ದಿನ ಪೂರಾ ಇಳಿಸ್ಕಳದಪ್ಪ."

ಪ್ರಶ್ನೆ ಬರೆದ ಮಹಾನುಭಾವರು ಮರ ಹತ್ತಿಸಿದವರಲ್ಲ ಎಂದು ಚಿಕ್ಕಪ್ಪ ಇಪ್ಪತ್ತಮೂರು ಜನಕ್ಕೂ ಪೂರ್ತಿ ಮಾರ್ಕು ಕೊಟ್ಟರು. ಆರ್ಡರು ಇದ್ದಲ್ಲೇ ಇತ್ತು, ಒಂದು ಮಗುವೂ ಕಮ್ಮಿಯಾಗಲಿಲ್ಲ.

ಆಗ ಅವರು ತಮ್ಮದೇ ಪರೀಕ್ಷೆಗಳನ್ನು ಕಂಡುಹಿಡಿಯಲು ಕೂತರು. ಮೊದಲು, ಕಾಯಿ ಅಲ್ಲಾಡಿಸಿ ಒಳಗೆ ನೀರೋ ಕೊಬ್ಬರಿಯೋ ಹೇಳುವುದು. ಇಪ್ಪತ್ತಮೂರಕ್ಕೆ ಇಪ್ಪತ್ತಮೂರೂ ಪಾಸು! "ನಮ್ ಮಕ್ಳು ಅದನ್ನ ಹೊಟ್ಟೇಲೇ ಕಲ್ತಿರ್ತವೆ, ಬೇರೆ ಏನಾದ್ರೂ ಕೇಳ್ರೀ" ಎಂದು ಚಿಕ್ಕಮ್ಮ ನಕ್ಕರು. ಹಾಗೆ ನಕ್ಕಿದ್ದಕ್ಕೆ ಮುಂದಿನ ಪರೀಕ್ಷೆ ಅವರ ತಲೆಗೇ ಬಂತು. ಒಂದೊಂದು ಮಗುವಿನ ಕಿವಿಯಲ್ಲೂ ಒಂದು ಸುದ್ದಿ ಹೇಳಿ ನಮ್ಮ ಮನೆಗೆ, ಚಿಕ್ಕಮ್ಮನ ಹತ್ತಿರ ಓಡಿಸುವುದು. ಸುದ್ದಿ ಮುಟ್ಟಿಸಿ, ಉತ್ತರ ತಂದು, ತರಗತಿಯ ಮುಂದೆ ಹೇಳಬೇಕು. ಸುದ್ದಿ ಏನೆಂದರೆ, 'ಮಧ್ಯಾಹ್ನಕ್ಕೆ ಹುರುಳಿಕಾಳು ಸಾರು ಮಾಡಬೇಕಂತೆ, ಉಪ್ಪು ನಿನ್ನೆಗಿಂತ ಕಮ್ಮಿ ಇರಬೇಕಂತೆ, ಬೆಳ್ಳುಳ್ಳಿ ಜಾಸ್ತಿ ಇರಬೇಕಂತೆ.'

ಒಂದು ಮಗು ಬಂದು ಹೇಳಿದರೆ ಮುದ್ದು. ಇಪ್ಪತ್ತೊಂದನೆಯದು ಬಂದು 'ಉಪ್ಪು ನಿನ್ನೆಗಿಂತ ಕಮ್ಮಿ' ಎನ್ನುವ ಹೊತ್ತಿಗೆ ಚಿಕ್ಕಮ್ಮನ ಕೈಯಲ್ಲಿ ಸೌಟು ಮೇಲೆದ್ದಿತ್ತು. ಆ ಮೇಲೆ ಅವರು ಕಳಿಸಿದ ಉತ್ತರವನ್ನು ಹೊತ್ತು ತಂದವರು ಇಬ್ಬರು. ಮೊದಲು ಬಂದ ಹುಡುಗ, ಊರಿನ ಪಂಚಾಯ್ತಿ ಛೇರ್ಮನ್ನರ ಮಗ, ತರಗತಿಯ ಮುಂದೆ ನಿಂತು ಬೆವರಿ, "ಆಗ್ಲಿ ಅಂದ್ರು ಸಾ" ಎಂದ. ಅವನ ಹಿಂದೆ ಬಂದವಳು ಗೌರಿ, ಮೊನ್ನೆ ಮರದ ಲೆಕ್ಕ ನನಗೆ ಬಿಡಿಸಿ ಹೇಳಿದ್ದ ಹುಡುಗಿ. ಅದೇ ಹೊತ್ತಿಗೆ ಶಾಲೆ ನೋಡಲು ಇನ್ಸ್‌ಪೆಕ್ಟರು ಬೇರೆ ಬಂದು ಕುರ್ಚಿಯಲ್ಲಿ ಕೂತಿದ್ದರು. ಗೌರಿ ಕೈಕಟ್ಟಿ ನಿಂತು ಗಟ್ಟಿಯಾಗಿ ಒಪ್ಪಿಸಿದಳು: "ಸಾರು ಬೇಕಾದ್ರೆ ಬಂದು ಕುದಿಸ್ಕಳಾಕೇಳು. ಉಪ್ಪು ಕಮ್ಮಿ ಬೇಕಾದ್ರೆ ಅವರ ಅವ್ವನ ಮನೇಗೋಗಾಕೇಳು. ಇನ್ನೊಂದ್ ಮಗ ಬಂದ್ರೆ ಬೆಳ್ಳುಳ್ಳಿ ಬದ್ಲು ನಿಮ್ ಮೇಷ್ಟ್ರನ್ನೇ ಜಜ್ಜಾಕ್ತೀನಿ ಅಂದ್ರು ಸಾ!"

ಇನ್ಸ್‌ಪೆಕ್ಟರು ಕರವಸ್ತ್ರ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಕೆಮ್ಮಿದರು. ಚಿಕ್ಕಪ್ಪ ಒಂದಕ್ಷರವೂ ಬಿಡದೆ ಹೇಳಿದ್ದಕ್ಕೆ ಗೌರಿಗೆ ನೂರಕ್ಕೆ ನೂರು ಕೊಟ್ಟು, ಆ ಮಧ್ಯಾಹ್ನ ಬರೀ ಮಜ್ಜಿಗೆ ಕುಡಿದರು.

ಗೌರಿ ಊರಿಂದ ಎರಡು ಮೈಲಿ ಆಚೆಯ ಹಟ್ಟಿಯವಳು. ಅಪ್ಪ ಕುರಿ ಸಾಕುವವನು. ನಮ್ಮೂರಿನಲ್ಲಿ ನಾಲ್ಕರ ಮೇಲೆ ತರಗತಿಯಿಲ್ಲ. ದೂರದ ಶಾಲೆಗೆ ಒಂಟಿ ಹೆಣ್ಣುಮಗುವನ್ನು ನಡೆಸುವುದಿಲ್ಲ ಎಂದು ಅಪ್ಪ ಹೇಳಿಯಾಗಿತ್ತು. "ಸರ್ಕಾರದೋರು ಆರಿಸ್ಕಂಡು ಅಲ್ಲೇ ಮಡೀಕಂಡ್ರೆ ಓದ್ಲಿ. ಇಲ್ಲಾಂದ್ರೆ ಜೂನ್ ತಿಂಗಳಿಂದ ಕುರಿ ಹಿಂದೆ." ಇದನ್ನು ನನಗೆ ಹೇಳಿದವಳು ಗೌರಿಯೇ. "ಒಳ್ಳೇದೇ ಅಲ್ವೇನೇ, ಕುರಿ ಮರಿ ಜೊತೆ ಆಟ ಆಡ್ಬೋದು" ಎಂದು ನಾನು ಪದವೀಧರೆಯ ಸಮಾಧಾನ ಹೇಳಿದೆ. ಅವಳು ನನ್ನ ಮುಖ ನೋಡಿ, "ಕುರಿಗಳ್ನೆಲ್ಲಾ ಓದ್ ಮುಗಿಸೀನಿ ಅಕ್ಕಾ" ಎಂದಳು.

ಅಷ್ಟರಲ್ಲಿ ಛೇರ್ಮನ್ನರು ಮನೆಗೆ ಬಂದರು. ಜಗಲಿಯ ಮೇಲೆ ಕೂತು ಮಗನ ತಲೆ ಸವರಿ, "ನೋಡಿ ಮೇಷ್ಟ್ರೇ, ತಲೆ ಎಷ್ಟು ದಪ್ಪ ಐತೆ" ಎಂದರು.

"ದಪ್ಪ ಐತೆ ಛೇರ್ಮನ್ನೋರೇ. ಸಿಪ್ಪೆ ಎಷ್ಟು, ತಿರುಳೆಷ್ಟು ಅನ್ನಾದು ಸುಲಿದ್ ಮೇಲೆ ತಾನೆ?"

"ಸುಲೀರಿ ಮತ್ತೆ! ಸಾರು ಉಪ್ಪು ಅಂತ ಓಡಾಡ್ಸಾದು ಒಂದು ಪರೀಕ್ಷೇನಾ? ಬರೆಯೋ ಪರೀಕ್ಷೆ ಮಡಗಿ. ನಾನೇ ಜಗಲಿ ಮೇಲೆ ಕುಂತಿರ್ತೀನಿ. ಗೆದ್ದೋರು ಹೋಗ್ಲಿ."

ಮಾತು ನ್ಯಾಯವಾಗಿತ್ತು. ಇಪ್ಪತ್ತಮೂರರಲ್ಲಿ ವರ್ಷದ ಮಾರ್ಕಿನಲ್ಲಿ ಮುಂದಿದ್ದ ಏಳು ಮಕ್ಕಳಿಗೆ ಶನಿವಾರ ಕೊನೆಯ ಪರೀಕ್ಷೆ ಎಂದು ಗೊತ್ತಾಯಿತು. ಎಲ್ಲಿ? ಶಾಲೆಯಲ್ಲಿ ಬೇಡವೆಂದರು ಚಿಕ್ಕಪ್ಪ. ಅಲ್ಲಿ ಹೆಂಚು ಸಡಿಲವಾಗಿದೆ, ಗಾಳಿಗೆ ಒಂದು ಜಾರಿ ಮಕ್ಕಳ ತಲೆ ಮೇಲೆ ಬಿದ್ದರೆ ಯಾರು ಹೊಣೆ? ಒಂದು ಹೆಂಚಿಗೆ ಹೆದರಿ ಆ ದೂರಾಲೋಚನೆಯ ಮಹಾಪುರುಷರು ಮಕ್ಕಳನ್ನು ಕೂರಿಸಿದ್ದು ಎಲ್ಲಿ ಗೊತ್ತೆ? ನಮ್ಮ ಕೊಬ್ಬರಿ ಮನೆಯಲ್ಲಿ. ಎರಡು ವರ್ಷದ ಕಾಯಿ ಹೊತ್ತ ಅಟ್ಟದ ಕೆಳಗೆ! ಯಾರಿಗಾದರೂ ಅನುಮಾನ ಬಂತೆ? ಇಲ್ಲ. ನಮ್ಮ ಕಡೆ ಅಟ್ಟದ ಕೆಳಗೇ ತೊಟ್ಟಿಲು ಕಟ್ಟುತ್ತಾರೆ, ಅಟ್ಟದ ಕೆಳಗೇ ಬೀಗರಿಗೆ ಎಲೆ ಹಾಕುತ್ತಾರೆ. ನೆತ್ತಿಯ ಮೇಲೆ ಕಾಯಿ ಇಲ್ಲದಿದ್ದರೆ ನಮಗೆ ಬಯಲಲ್ಲಿ ಕೂತಂತೆ.

ಗೋಡೆಯ ಮೇಲೆ ಚಿಕ್ಕಪ್ಪ ಸೀಮೆಸುಣ್ಣದಲ್ಲಿ ನಿಯಮ ಬರೆದರು. 'ತಲೆ ಎತ್ತಿದರೆ ಒಂದು ಮಾರ್ಕು ಕಟ್. ಬಾಯಿ ಬಿಟ್ಟರೆ ಪರೀಕ್ಷೆಯಿಂದ ಹೊರಕ್ಕೆ.' ಮಕ್ಕಳು ಸಾಲಾಗಿ ಚಾಪೆಯ ಮೇಲೆ ಕೂತರು. ಮಾರ್ಕು ಕಟ್ ಮಾಡುವ ಅಧಿಕಾರ ನನ್ನದು; ಬಾಗಿಲ ಪಕ್ಕ ಸ್ಟೂಲು, ಕೈಯಲ್ಲಿ ಪೆನ್ಸಿಲು, ಮಡಿಲಲ್ಲಿ ಏಳು ಹೆಸರಿನ ಹಾಳೆ.

ಅದಾದ ಮೇಲಿನ ಅರ್ಧ ಗಂಟೆಯನ್ನು ನಾನು ಎಷ್ಟು ಸಾವಿರ ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಹಾಳೆಯ ಮೇಲೆ ಕಂದು ಪುಡಿ ಬಿತ್ತು, ಊದಿದೆ. ಮತ್ತೆ ಬಿತ್ತು, ಸೆರಗಿನಿಂದ ಒರೆಸಿದೆ. ಮೂರನೇ ಸಲ ಗೆದ್ದಲು ಮಣ್ಣಿನ ಹೆಂಟೆಯೇ ಬಿತ್ತು. ಅದನ್ನು ಬೆರಳಿನಿಂದ ತಳ್ಳಿ, ಗೌರಿ ತಲೆ ಎತ್ತಿದಳೆಂದು ಒಂದು ಮಾರ್ಕು ಕಟ್ ಮಾಡಿದೆ. ಅವಳು ಮತ್ತೆ ಎತ್ತಿದಳು, ಮತ್ತೆ ಕಟ್. ಮೇಲೆ ಎಲ್ಲೋ ಕಿರ್ರೆಂದಿತು. "ಇಲಿ" ಎಂದರು ಚಿಕ್ಕಪ್ಪ, ಬೆತ್ತ ಹಿಡಿದು ಅತ್ತಿಂದಿತ್ತ ನಡೆಯುತ್ತಾ. ಭೌತಶಾಸ್ತ್ರದಲ್ಲಿ ನಾನು ಭಾರ, ಬಲ, ಬಾಗುವ ತೊಲೆ ಎಲ್ಲವನ್ನೂ ಓದಿ ಪಾಸಾದವಳು ಸ್ವಾಮಿ! ತೊಲೆ ನನ್ನ ನೆತ್ತಿಯ ಮೇಲೆ ಬಾಗುತ್ತಿತ್ತು, ನಾನು ಒಂಬತ್ತನೇ ಮಾರ್ಕು ಕಟ್ ಮಾಡುತ್ತಿದ್ದೆ.

ಹನ್ನೊಂದನೇ ಸಲ ಗೌರಿ ಮೇಲೆ ನೋಡಿ, ಆಮೇಲೆ ಗೋಡೆಯ ಮೇಲಿದ್ದ ನಿಯಮ ನೋಡಿದಳು. ಏನನ್ನೋ ಬರೆದು, ಹಾಳೆಯನ್ನು ನನ್ನ ಕಡೆ ಎತ್ತಿ ಹಿಡಿದಳು. 'ಅಕ್ಕ, ಅಟ್ಟ ಬೀಳ್ತೈತೆ.' ಓದಿದೆ. ಓದಿ ನಾನು ಮಾಡಿದ್ದೇನು? ತುಟಿಯ ಮೇಲೆ ಬೆರಳಿಟ್ಟು, 'ಸುಮ್ಮನೆ ಉತ್ತರ ಬರಿ' ಎಂದು ಸನ್ನೆ ಮಾಡಿದೆ.

ಅವಳ ಕಣ್ಣಲ್ಲಿ ನೀರು ತುಂಬಿದ್ದು ನನಗೆ ಕಂಡಿತು. ಬಾಯಿ ಬಿಟ್ಟರೆ ಹೊರಕ್ಕೆ, ಹೊರಕ್ಕೆಂದರೆ ಜೂನ್‌ನಿಂದ ಕುರಿ. ಅದು ಅವಳಿಗೆ ಗೊತ್ತಿತ್ತು. ಆದರೂ ಬಾಯಿ ಬಿಟ್ಟಳು.

"ಎದ್ದೋಡ್ರೋ! ಅಟ್ಟ ಬತ್ತೈತೆ, ಓಡ್ರೋ!"

"ಗೌರೀ, ಮಾತು!" ಎಂದು ಗದರಿದ ಚಿಕ್ಕಪ್ಪ ಆಗ ಮೊದಲ ಸಲ ತಲೆ ಎತ್ತಿದರು. ಬೆತ್ತ ಕೈಯಿಂದ ಬಿತ್ತು. ಮಕ್ಕಳು ನನ್ನನ್ನೂ ಸ್ಟೂಲನ್ನೂ ದಾಟಿಕೊಂಡು ನುಗ್ಗಿದರು. ಛೇರ್ಮನ್ನರ ಮಗ ಮಾತ್ರ ಉತ್ತರ ಮುಗಿದಿಲ್ಲವೆಂದು ಕೂತೇ ಇದ್ದ. ಗೌರಿ ಅವನ ಅಂಗಿಯ ಕೊರಳಪಟ್ಟಿ ಹಿಡಿದು ದರದರ ಎಳೆದಳು. ಕೊನೆಯ ಇಬ್ಬರನ್ನು ಎರಡು ಕಂಕುಳಲ್ಲಿ ಸಿಕ್ಕಿಸಿಕೊಂಡ ಚಿಕ್ಕಪ್ಪ ನನ್ನನ್ನು ಭುಜದಿಂದ ಹೊರಕ್ಕೆ ದೂಡಿದರು. ನಾವು ಹೊಸ್ತಿಲು ದಾಟಿದ್ದೆವೋ ಇಲ್ಲವೋ, ನಡುವಿನ ತೊಲೆ ಮುರಿಯಿತು. ಗುಡುಗು ಮನೆಯೊಳಗೇ ಹುಟ್ಟಿದಂತಾಯಿತು. ಏಳು ಮಕ್ಕಳ ಚಾಪೆಯ ಮೇಲೆ ಎರಡು ವರ್ಷದ ಕಾಯಿ ಆಳೆತ್ತರ ಬಿದ್ದಿತ್ತು.

ಧೂಳಿನೊಳಗಿಂದ ಒಂದು ಕಾಯಿ ಉರುಳುತ್ತಾ ಬಂದು ಜಗಲಿಯ ಕೆಳಗೆ ನಿಂತ ಛೇರ್ಮನ್ನರ ಕಾಲಿಗೆ ತಾಗಿತು. ಅವರು ಅದನ್ನೆತ್ತಿ, ಅಭ್ಯಾಸಬಲದಿಂದ ಕಿವಿಯ ಹತ್ತಿರ ಅಲ್ಲಾಡಿಸಿ, "ಆಗೈತೆ ಮೇಷ್ಟ್ರೇ" ಎಂದರು!

ಚಿಕ್ಕಪ್ಪ ಮಕ್ಕಳನ್ನು ಎಣಿಸುತ್ತಿದ್ದರು. ಏಳು. ಮತ್ತೆ ಎಣಿಸಿದರು. ಏಳು. ಮತ್ತೆ. ಅವರ ಬಲಪಾದದ ಮೇಲೆ ಕಾಯಿ ಬಿದ್ದು ರಕ್ತ ಸುರಿಯುತ್ತಿದ್ದುದನ್ನು ನೋಡಿದವರು ಚಿಕ್ಕಮ್ಮ.

ಫಲಿತಾಂಶಕ್ಕೆ ಯಾರ ತಕರಾರೂ ಇರಲಿಲ್ಲ. ಛೇರ್ಮನ್ನರೇ, "ನನ್ ಮಗನ್ನ ಎಳ್ಕಂಡ್ ಬಂದವ್ಳೆ. ಇನ್ನೇನ್ ಮಾರ್ಕು? ಅವಳ ಹೆಸ್ರು ಬರೀರಿ" ಎಂದರು. ಮೈನಸ್ ಹನ್ನೊಂದರ ನನ್ನ ಹಾಳೆಯನ್ನು ನಾನೇ ಹರಿದೆ. ಎಲ್ಲ ಸುಖವಾಗಿ ಮುಗಿಯಿತೆನ್ನುವಾಗ, ಸಂಜೆ ಗೌರಿಯ ಅಪ್ಪ ಬಂದ. ಕೊಬ್ಬರಿ ಮನೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಮಗಳ ಕೈಹಿಡಿದು ನಡೆದುಬಿಟ್ಟ.

ಮಾರನೇ ದಿನ ಕಾಲಿಗೆ ಬಟ್ಟೆ ಸುತ್ತಿಕೊಂಡು, ನನ್ನ ಭುಜ ಹಿಡಿದು, ಚಿಕ್ಕಪ್ಪ ಎರಡು ಮೈಲಿ ಕುಂಟಿಕೊಂಡು ಹಟ್ಟಿಗೆ ಹೋದರು. ಗೌರಿಯ ಅಪ್ಪ ಕಂಬಳಿ ಹಾಸಿದ. ಚಿಕ್ಕಪ್ಪ ನೆಲದ ಮೇಲೇ ಕೂತರು.

"ನಾನು ಕಳ್ಸಾಕಿಲ್ಲ ಮೇಷ್ಟ್ರೇ. ಬುದ್ಧಿ ಬ್ಯಾಡ, ಕೂಸು ಉಳಿದ್ರೆ ಸಾಕು."

"ಅದು ಬೇರೆ ಇಸ್ಕೂಲು ಕಣಪ್ಪ. ಸರ್ಕಾರದೋರೇ ಕಟ್ಸವ್ರೆ."

"ನಿಮ್ ಇಸ್ಕೂಲ್ ಹೆಂಚು ಯಾರ್ದು? ಸರ್ಕಾರದ್ದೇ ಅಲ್ವಾ?"

ಚಿಕ್ಕಪ್ಪ ಕಾಲಿನ ಬಟ್ಟೆಯ ಗಂಟು ಬಿಗಿದುಕೊಂಡರು.

"ಅಲ್ಲಿ ಮಕ್ಳು ಮಲಗ್ತವಲ್ಲ, ಮೇಲೆ ಏನೈತೆ? ನೀವು ಕಣ್ಣಾರೆ ನೋಡಿದ್ದೀರಾ?"

"ಇಲ್ಲ."

ಮೂವತ್ತು ವರ್ಷ ಪ್ರಶ್ನೆ ಕೇಳಿದವರು ಅಷ್ಟು ಮೆಲ್ಲಗೆ ಉತ್ತರ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಗೌರಿ ಗುಡಿಸಲ ಕಂಬ ಹಿಡಿದು ನಿಂತು ಕಾಲ ಹೆಬ್ಬೆರಳನ್ನೇ ನೋಡುತ್ತಿದ್ದಳು. ಹನ್ನೊಂದು ಸಲ ತಲೆ ಎತ್ತಿದವಳು ಆ ದಿನ ಒಂದು ಸಲವೂ ಎತ್ತಲಿಲ್ಲ.

"ನೋಡ್ಕಂಡ್ ಬತ್ತೀನಿ" ಎಂದರು ಚಿಕ್ಕಪ್ಪ. "ಸುಳ್ಳು ಹೇಳಲ್ಲ."

"ಗಟ್ಟಿ ಐತೆ ಅಂತ ನೀವಂದ್ರೆ ಕಳಿಸ್ತೀನಿ. ನಿಮ್ ಮಾತಿನ ಮ್ಯಾಲೆ."

ಸೋಮವಾರ ಎರಡು ಬಸ್ಸು ಬದಲಿಸಿ ಆ ಶಾಲೆಗೆ ಹೋದೆವು. ಸುಣ್ಣದ ವಾಸನೆ ಇನ್ನೂ ಹೋಗಿರದ ಕಟ್ಟಡ. ಬೇಸಿಗೆ ರಜೆ, ಇದ್ದವನು ಕಾವಲುಗಾರನೊಬ್ಬ. "ಏನಾಗ್ಬೇಕಿತ್ತು?" ಎಂದ.

"ಅಟ್ಟ ನೋಡ್ಬೇಕಿತ್ತು."

"ಇಲ್ಲಿ ಅಟ್ಟ ಇಲ್ಲ ಸಾರ್. ಕಾಂಕ್ರೀಟ್ ಮೋಲ್ಡಿಂಗು."

"ಹಂಗಾದ್ರೆ ಮೇಲಕ್ಕೆ ಮೆಟ್ಲೆಲ್ಲೈತೆ?"

ಉತ್ತರಕ್ಕೆ ಕಾಯದೆ ಹತ್ತಿದರು. ಹತ್ತುವ ಮುಂಚೆ ನನಗೊಂದು ಕೆಲಸ ಹೇಳಿದರು: ನಾನು ಒಂದೊಂದು ಕೊಠಡಿಯಲ್ಲೂ ನಟ್ಟನಡುವೆ ನಿಂತು, ತಲೆ ಎತ್ತಿ, ಪುಡಿ ಉದುರುತ್ತದೆಯೇ ನೋಡಬೇಕು. ಮೂರು ದಿನದೊಳಗೆ ಎರಡನೇ ಸಲ ನನ್ನನ್ನು ಭಾರದ ಕೆಳಗೆ ನಿಲ್ಲಿಸಿದರು ನೋಡಿ, ಎಂಥ ವಾತ್ಸಲ್ಯ! ಮೇಲೆ ಧಡ್ ಎಂದು ಸದ್ದಾಯಿತು. ಐವತ್ತು ದಾಟಿದ ಹೆಡ್ಮಾಸ್ಟರು ಪಂಚೆ ಎತ್ತಿಕಟ್ಟಿ ಸರ್ಕಾರಿ ಕಟ್ಟಡದ ಮೇಲೆ ಕುಣಿಯುತ್ತಿದ್ದರು!

"ಉದುರ್ತೈತೇನಮ್ಮಾ?"

"ಇಲ್ಲ ಚಿಕ್ಕಪ್ಪಾ!"

"ರೀ ಸ್ವಾಮಿ, ಇಳೀರ್ರೀ! ಯಾರ್ರೀ ಇವ್ರು, ತಲೆ ಸರೀಗೈತೇನ್ರೀ?" ಎಂದು ಕಾವಲುಗಾರ ಅಂಗಳದಲ್ಲಿ ಬೊಬ್ಬೆ ಹಾಕುತ್ತಿದ್ದ. ಹೀಗೆ ಏಳು ಕೊಠಡಿ ಮುಗಿಯಿತು. ಎಂಟನೆಯದು ಹುಡುಗಿಯರು ಮಲಗುವ ಕೊಠಡಿ. ನಾನು ನಡುವೆ ನಿಂತು ತಲೆ ಎತ್ತಿದೆ. ಸದ್ದಿಲ್ಲ. ಕಾದೆ. ಸದ್ದಿಲ್ಲ. ಮೆಟ್ಟಿಲು ಹತ್ತಿ ಓಡಿದೆ.

ಚಿಕ್ಕಪ್ಪ ಬಿಸಿಲಲ್ಲಿ ಕುಕ್ಕರಿಸಿದ್ದರು. ಕಾಲಿನ ಬಟ್ಟೆ ಪೂರ್ತಿ ಕೆಂಪಾಗಿತ್ತು. ಬೆರಳು ಮಡಿಸುತ್ತಾ ಒಂದೊಂದೇ ಹೆಸರು ಹೇಳಿಕೊಳ್ಳುತ್ತಿದ್ದರು, ಅಟ್ಟದ ಕೆಳಗಿದ್ದ ಏಳು ಹೆಸರು. ಮುಗಿದ ಮೇಲೆ ಮತ್ತೆ ಮೊದಲಿಂದ. ನನ್ನನ್ನು ಕಂಡು, "ನೀನು ಎಂಟನೇಯೋಳು ಕಣಮ್ಮ" ಎಂದರು. "ನಿಮ್ಮಪ್ಪಂಗೆ ಏನಂತ ಹೇಳ್ತಿದ್ದೆ ನಾನು?" ನಮ್ಮ ಚಿಕ್ಕಪ್ಪ ಅತ್ತಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು ಏಳಲು ಹೋದರು. ಕಾಲು ಊರಲಾಗಲಿಲ್ಲ.

"ಈ ಒಂದು ರೂಮ್ ಉಳೀತಲ್ಲಮ್ಮ. ಅವಳು ಮಲಗೋದೇ ಇಲ್ಲಿ."

"ನೀವು ಕೆಳಗೋಗಿ ನೋಡಿ ಚಿಕ್ಕಪ್ಪ. ನಾನು ಕುಣೀತೀನಿ."

ಅವರು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ನಾನು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಕಾವಲುಗಾರ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ, ಇದ್ದಷ್ಟೂ ಶಕ್ತಿ ಹಾಕಿ ಕುಣಿದೆ. ಒಂದು ಸಲ. ಇನ್ನೊಂದು ಸಲ. ಕೆಳಗಿನ ಖಾಲಿ ಕೊಠಡಿಯಿಂದ ಚಿಕ್ಕಪ್ಪನ ದನಿ ಬಂತು.

"ಏನೂ ಉದುರ್ತಿಲ್ಲ ಕಣಮ್ಮ. ಗಟ್ಟಿ ಐತೆ. ಗೌರೀನ ಕಳಿಸ್ಬೋದು."

ಕೆಳಗೆ ಅವರು ಕುಂಟುತ್ತಾ ಇನ್ನೊಂದು ಮೂಲೆಗೆ ಹೋದ ಸದ್ದು ಕೇಳಿತು.

"ಆದ್ರೂ ಇನ್ನೊಂದ್ಸಲ ಕುಣಿ."